ಮೂರು ಕಿಲೋವ್ಯಾಟ್ ಸೋಲಾರ್ ಮೂರು ಯಾಕೆ ಕೊಡಲ್ಲ?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಹನ್ನೆರಡೂವರೆ ಗಂಟೆ. ಮೈಸೂರಿನಲ್ಲಿ ಬಿಸಿಲು ಅಂದರೆ ಬಿಸಿಲು. ಪಕ್ಕದ ಮನೆಯವರು ಫೋನ್ ಹಿಡಿದುಕೊಂಡು ಕಾಂಪೌಂಡ್ ಹತ್ತಿರ ಬಂದರು. "ನೋಡಿ ಸಾರ್, ನಂದು 3.24 ಕಿಲೋವ್ಯಾಟ್ ಸಿಸ್ಟಮ್. ಇಂಥಾ ಸುಡು ಬಿಸಿಲಲ್ಲೂ ಆ್ಯಪ್‌ನಲ್ಲಿ 2.6 ತೋರಿಸ್ತಾ ಇದೆ. ಉಳಿದದ್ದು ಎಲ್ಲಿ ಹೋಯ್ತು? ಟೋಪಿ ಹಾಕಿದ್ರಾ?"

ಟೋಪಿ ಹಾಕಿಲ್ಲ. ಏಪ್ರಿಲ್ ಬಿಸಿಲಿಗೆ 2.6 ಬಂದರೆ ಆ ಸಿಸ್ಟಮ್ ಚೆನ್ನಾಗಿಯೇ ಇದೆ. ಆದರೆ ಇಷ್ಟು ಹೇಳಿದರೆ ಅವರು ನಂಬಲಿಲ್ಲ. ನಂಬಬೇಕಾಗಿಯೂ ಇಲ್ಲ, ಲೆಕ್ಕ ಹಾಕಿ ನೋಡಬಹುದು. ಅವತ್ತು ಕಾಂಪೌಂಡ್ ಗೋಡೆಗೆ ಒರಗಿಕೊಂಡು ಹಾಕಿದ ಲೆಕ್ಕವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಕಿಲೋವ್ಯಾಟ್ ಬೇರೆ, ಯೂನಿಟ್ ಬೇರೆ. ನಲ್ಲಿಯಿಂದ ನೀರು ಎಷ್ಟು ರಭಸವಾಗಿ ಬರುತ್ತಿದೆ ಅನ್ನುವುದು ಕಿಲೋವ್ಯಾಟ್. ಸಂಜೆ ಹೊತ್ತಿಗೆ ಎಷ್ಟು ಬಿಂದಿಗೆ ತುಂಬಿತು ಅನ್ನುವುದು ಯೂನಿಟ್. ಒಂದು ಕಿಲೋವ್ಯಾಟ್ ಒಂದು ಗಂಟೆ ಹರಿದರೆ ಒಂದು ಯೂನಿಟ್. ನಮ್ಮ ಬಿಲ್ ಬರುವುದು ಬಿಂದಿಗೆ ಲೆಕ್ಕದಲ್ಲಿ. ಆದರೆ ಆ್ಯಪ್ ತೆಗೆದ ತಕ್ಷಣ ದೊಡ್ಡ ಅಕ್ಷರದಲ್ಲಿ ಕಾಣುವುದು ನಲ್ಲಿಯ ರಭಸ. ಅರ್ಧ ತಲೆನೋವು ಶುರುವಾಗುವುದೇ ಅಲ್ಲಿಂದ.

ಈಗ ಪ್ಯಾನೆಲ್ ಹಿಂಭಾಗದ ಸ್ಟಿಕ್ಕರ್‌ಗೆ ಬರೋಣ. ಅವರ ಮನೆಯಲ್ಲಿ 540 ವ್ಯಾಟ್‌ನ 6 ಪ್ಯಾನೆಲ್ ಇವೆ. ಆರೂ ಸೇರಿದರೆ 3,240 ವ್ಯಾಟ್. ಈ 540 ಬಂದದ್ದು ಕಾರ್ಖಾನೆಯ ಒಳಗಿನ ಪರೀಕ್ಷೆಯಿಂದ. ಒಂದು ಚದರ ಮೀಟರ್ ಮೇಲೆ 1,000 ವ್ಯಾಟ್ ಬೆಳಕು ಬೀಳಬೇಕು, ಪ್ಯಾನೆಲ್ ಒಳಗಿನ ಸೆಲ್ 25 ಡಿಗ್ರಿಯಲ್ಲಿರಬೇಕು. ಆಗ ಎಷ್ಟು ಬರುತ್ತದೋ ಅದನ್ನು ಸ್ಟಿಕ್ಕರ್ ಮೇಲೆ ಹಾಕುತ್ತಾರೆ. ಜಗತ್ತಿನ ಎಲ್ಲ ಕಂಪನಿಗಳೂ ಇದೇ ಷರತ್ತಿನಲ್ಲಿ ಅಳೆಯುತ್ತವೆ. ಹಾಗಾಗಿ ಎರಡು ಪ್ಯಾನೆಲ್ ಹೋಲಿಸಲು ಈ ನಂಬರ್ ಒಳ್ಳೆಯದು. ನಮ್ಮ ತಾರಸಿಯ ಮಟ್ಟಿಗೆ ಮಾತ್ರ ಈ ಎರಡು ಷರತ್ತು ಒಟ್ಟಿಗೆ ಕೂಡಿ ಬರುವುದು ತುಂಬ ಅಪರೂಪ. 1,000 ವ್ಯಾಟ್ ಬೆಳಕು ಬೀಳುವ ಹೊತ್ತಿನಲ್ಲಿ ಪ್ಯಾನೆಲ್ 25 ಡಿಗ್ರಿಯಲ್ಲಿ ಎಲ್ಲಿರುತ್ತದೆ? ಅದು ಕಾದ ಹೆಂಚು. ಹೊರಗೆ 35 ಡಿಗ್ರಿ ಇದ್ದರೆ ಸೆಲ್ ಒಳಗೆ ಸುಲಭವಾಗಿ 60 ಡಿಗ್ರಿ ದಾಟುತ್ತದೆ.

ಬಿಸಿಯಾದರೆ ಏನಾಯಿತು, ಬಿಸಿಲೇ ಅಲ್ವಾ ಬೇಕಾಗಿರುವುದು? ಬೇಕಾಗಿರುವುದು ಬೆಳಕು, ಶಾಖ ಅಲ್ಲ. ಬಿಸಿನೀರಿನ ಸೋಲಾರ್ ಹೀಟರ್ ಕರ್ನಾಟಕದಲ್ಲಿ ಎಷ್ಟೋ ವರ್ಷದಿಂದ ಮನೆಮಾತು. ಅದಕ್ಕೇ ಏನೋ, ಸೋಲಾರ್ ಅಂದರೆ ಕಾದಷ್ಟೂ ಒಳ್ಳೆಯದು ಅನ್ನುವುದು ನಮ್ಮ ತಲೆಯಲ್ಲಿ ಕೂತಿದೆ. ಕರೆಂಟ್ ಕೊಡುವ ಪ್ಯಾನೆಲ್‌ಗೆ ಇದು ಉಲ್ಟಾ. ಸಿಲಿಕಾನ್ ಬಿಸಿಯಾದಂತೆಲ್ಲ ಅದರ ವೋಲ್ಟೇಜ್ ಇಳಿಯುತ್ತದೆ. ಕಂಪನಿಯ ಡೇಟಾಶೀಟ್‌ನಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ: ಈ ಬಗೆಯ ಪ್ಯಾನೆಲ್‌ಗೆ 25ರ ಮೇಲೆ ಪ್ರತಿ ಡಿಗ್ರಿಗೆ ಸುಮಾರು ಶೇಕಡ 0.35 ಕಡಿತ. ಈಚೆಗೆ ಬಂದಿರುವ ಟಾಪ್‌ಕಾನ್ ಅನ್ನುವ ಬಗೆಯ ಪ್ಯಾನೆಲ್‌ಗಳಲ್ಲಿ ಇದು ಶೇಕಡ 0.3ರ ಆಸುಪಾಸಿಗೆ ಇಳಿದಿದೆ. 60 ಡಿಗ್ರಿ ಅಂದರೆ 35 ಡಿಗ್ರಿ ಹೆಚ್ಚುವರಿ. 35 ಗುಣಿಸು 0.35, ಶೇಕಡ 12. ಶಾಖ ಒಂದೇ ಇಷ್ಟನ್ನು ತಿಂದು ಹಾಕಿತು.

ಉಳಿದವು ಚಿಲ್ಲರೆ. ಗಾಜಿನ ಮೇಲಿನ ಧೂಳು ಶೇಕಡ 3 ಅಂದುಕೊಳ್ಳಿ. ವೈರ್‌ನಲ್ಲಿ ಹೋಗುವುದು, ಒಂದು ಪ್ಯಾನೆಲ್‌ಗೂ ಇನ್ನೊಂದಕ್ಕೂ ಇರುವ ಸಣ್ಣ ವ್ಯತ್ಯಾಸ, ಎಲ್ಲ ಸೇರಿ ಇನ್ನೊಂದು 3. ಪ್ಯಾನೆಲ್ ಕೊಡುವ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡುವ ಪೆಟ್ಟಿಗೆ ಇನ್ವರ್ಟರ್, ಅಲ್ಲಿ ಎರಡೂವರೆ. ಈ ಕಡಿತಗಳನ್ನು ಕೂಡಿಸಬಾರದು, ಒಂದಾದ ಮೇಲೆ ಒಂದು ಗುಣಿಸಬೇಕು. 3,240ಕ್ಕೆ 0.88, 0.97, 0.97, 0.975 ಗುಣಿಸಿದರೆ ಬರುವುದು 2,615 ವ್ಯಾಟ್. ಪಕ್ಕದ ಮನೆಯವರ ಫೋನ್‌ನಲ್ಲಿದ್ದದ್ದು 2.6. ಅವರು ಫೋನ್‌ನ ಕ್ಯಾಲ್ಕುಲೇಟರ್‌ನಲ್ಲಿ ಎರಡು ಸಲ ಹಾಕಿ ನೋಡಿ, "ಮೊದಲೇ ಹೇಳಬಾರದಿತ್ತಾ ಸೋಲಾರ್ ಹಾಕಿದವರು" ಅಂದರು. ಅದು ನ್ಯಾಯವಾದ ಮಾತು.

ಹಾಗಾದರೆ 3 ಕಿಲೋವ್ಯಾಟ್ ಯಾವತ್ತೂ ಕಾಣುವುದೇ ಇಲ್ಲವಾ? ಕಾಣುತ್ತದೆ, ನೀವು ನಿರೀಕ್ಷೆ ಮಾಡದ ದಿನ. ಜುಲೈನಲ್ಲಿ ಮಳೆ ನಿಂತು ಮೋಡ ಒಡೆದು, ಇದ್ದಕ್ಕಿದ್ದ ಹಾಗೆ ಬಿಸಿಲು ಬಿದ್ದಾಗ ನೋಡಿ. ಪ್ಯಾನೆಲ್ ತಣ್ಣಗಿರುತ್ತದೆ, ಮಳೆಗೆ ತೊಳೆದು ಫಳಫಳ ಅನ್ನುತ್ತಿರುತ್ತದೆ. ನೇರ ಬಿಸಿಲಿನ ಜೊತೆಗೆ ಮೋಡದ ಬಿಳಿ ಅಂಚಿನಿಂದಲೂ ಬೆಳಕು ಬಂದು ಬೀಳುತ್ತದೆ. ಒಂದೆರಡು ನಿಮಿಷ ನಂಬರ್ 3ಕ್ಕೆ ಹಾರುತ್ತದೆ. ಇನ್ವರ್ಟರ್ 3 ಕಿಲೋವ್ಯಾಟಿನದಾದರೆ ಅಲ್ಲೇ ತಡೆದು ನಿಲ್ಲುತ್ತದೆ. ಮತ್ತೆ ಮೋಡ, ಮತ್ತೆ 0.4.

ದಿನಕ್ಕೆ ಎಷ್ಟು ಬಂದರೆ ಸರಿ?

ರಭಸ ಬಿಟ್ಟು ಬಿಂದಿಗೆಗೆ ಬರೋಣ. ಬೆಂಗಳೂರು, ಮೈಸೂರು ಕಡೆ ಒಂದು ಚದರ ಮೀಟರ್ ಮೇಲೆ ದಿನಕ್ಕೆ ಸರಾಸರಿ 5ರಿಂದ 5.5 ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಅದರಲ್ಲಿ ಮೇಲೆ ಹೇಳಿದ ಕಡಿತಗಳೆಲ್ಲ ಹೋಗಿ, ಹಾಕಿಸಿದ ಪ್ರತಿ ಕಿಲೋವ್ಯಾಟಿಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. ವರ್ಷಕ್ಕೆ 1,400ರಿಂದ 1,500. ಈ ಒಂದು ಲೆಕ್ಕ ನೆನಪಿಟ್ಟುಕೊಂಡರೆ ಸಾಕು. 3.24 ಕಿಲೋವ್ಯಾಟಿಗೆ ದಿನಕ್ಕೆ 13 ಯೂನಿಟ್ ಸರಾಸರಿ. ಮಾರ್ಚ್‌ನಲ್ಲಿ 16 ಬರಬಹುದು, ಜಡಿಮಳೆಯ ದಿನ 4 ಬರಬಹುದು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದ ಆಗಸ್ಟ್ ತನಕ ಹೊಡೆತ ಇನ್ನೂ ಜಾಸ್ತಿ. ಹೋಲಿಕೆಗೆ ಹೇಳುವುದಾದರೆ, ಜರ್ಮನಿಯಲ್ಲಿ ಒಂದು ಕಿಲೋವ್ಯಾಟಿಗೆ ವರ್ಷಕ್ಕೆ ಹೆಚ್ಚುಕಡಿಮೆ 1,000 ಯೂನಿಟ್ ಬಂದರೆ ಖುಷಿ ಪಡುತ್ತಾರೆ. ಅಲ್ಲಿ ಬಾಲ್ಕನಿಯ ಕಂಬಿಗೇ ಒಂದೆರಡು ಪ್ಯಾನೆಲ್ ಕಟ್ಟಿ ಪ್ಲಗ್‌ಗೆ ಸಿಕ್ಕಿಸುವುದು ಈಗ ಮಾಮೂಲು. 800 ವ್ಯಾಟ್ ತನಕ ಅದಕ್ಕೆ ಅವಕಾಶ ಇದೆ.

ಆದರೆ ತಿಂಗಳ ಯೂನಿಟ್ ನೋಡಿ ಸಿಸ್ಟಮ್ ಚೆನ್ನಾಗಿದೆಯೋ ಇಲ್ಲವೋ ಹೇಳುವುದು ಕಷ್ಟ. ಬಿಸಿಲೇ ಕಡಿಮೆ ಬಿದ್ದಿದ್ದರೆ ಪ್ಯಾನೆಲ್ ಏನು ಮಾಡೀತು? ಅದಕ್ಕೇ ಈ ಕೆಲಸದಲ್ಲಿರುವವರು ಇನ್ನೊಂದು ಲೆಕ್ಕ ಇಟ್ಟಿದ್ದಾರೆ. ಪರ್ಫಾರ್ಮೆನ್ಸ್ ರೇಶಿಯೋ ಅನ್ನುತ್ತಾರೆ, ಬಾಯಲ್ಲಿ ಸುಮ್ನೆ ಪಿ.ಆರ್. ಬಿದ್ದ ಬಿಸಿಲಿಗೆ ಸ್ಟಿಕ್ಕರ್ ಪ್ರಕಾರ ಎಷ್ಟು ಬರಬೇಕಿತ್ತು, ನಿಜವಾಗಿ ಎಷ್ಟು ಬಂತು, ಇವೆರಡರ ಪ್ರಮಾಣ. ಮಗ ಪರೀಕ್ಷೆಯಲ್ಲಿ 60 ತಂದ ಅಂದರೆ ಏನೂ ಗೊತ್ತಾಗುವುದಿಲ್ಲ. ನೂರಕ್ಕೋ ಎಪ್ಪತ್ತೈದಕ್ಕೋ ಅಂತ ಕೇಳುತ್ತೀವಲ್ಲ, ಹಾಗೆ.

ಎರಡು ತಿಂಗಳು ತೆಗೆದುಕೊಳ್ಳೋಣ. ಮಾರ್ಚ್‌ನಲ್ಲಿ ಚದರ ಮೀಟರಿಗೆ ಒಟ್ಟು 200 ಯೂನಿಟ್ ಬಿಸಿಲು ಬಿತ್ತು ಅಂದುಕೊಳ್ಳಿ. 1,000 ವ್ಯಾಟ್ ಬೆಳಕಿಗೆ 3.24 ಕಿಲೋವ್ಯಾಟ್ ಅನ್ನುವುದು ಸ್ಟಿಕ್ಕರ್ ಲೆಕ್ಕ, ಹಾಗಾಗಿ ಒಂದು ಯೂನಿಟ್ ಬಿಸಿಲಿಗೆ 3.24 ಯೂನಿಟ್ ಕರೆಂಟ್. 3.24 ಗುಣಿಸು 200, ಅಂದರೆ ಬರಬೇಕಾಗಿದ್ದದ್ದು 648. ಬಂದದ್ದು 486. ಪಿ.ಆರ್. ಶೇಕಡ 75. ಜುಲೈನಲ್ಲಿ ಬಿದ್ದದ್ದು 133. ಬರಬೇಕಾಗಿದ್ದದ್ದು 431. ಬಂದದ್ದು 345. ಪಿ.ಆರ್. ಶೇಕಡ 80. ಮಾರ್ಚ್‌ನಲ್ಲಿ 141 ಯೂನಿಟ್ ಜಾಸ್ತಿ ಬಂದಿದೆ, ಆದರೂ ಪ್ಯಾನೆಲ್ ಮೈ ಬಗ್ಗಿಸಿ ಕೆಲಸ ಮಾಡಿದ್ದು ಜುಲೈನಲ್ಲಿ. ತಂಪು, ಮಳೆಯ ಸ್ನಾನ, ಎರಡೂ ಪುಕ್ಕಟೆ ಸಿಕ್ಕಿತು. ಮಳೆಗಾಲದಲ್ಲಿ ಯೂನಿಟ್ ಇಳಿದಾಗ ಪ್ಯಾನೆಲ್ ಹಾಳಾಯಿತು ಅಂತ ಗಾಬರಿಯಾಗಿ ಫೋನ್ ಮಾಡುವವರು ಬಹಳ. ನಿಜವಾಗಿ ಗಾಬರಿಯಾಗಬೇಕಾದ್ದು ಮಾರ್ಚ್‌ನಲ್ಲಿ ಪಿ.ಆರ್. 65ಕ್ಕೆ ಇಳಿದರೆ. ಆಗ ಯೂನಿಟ್ ಮಾತ್ರ ಮಳೆಗಾಲಕ್ಕಿಂತ ಜಾಸ್ತಿಯೇ ಇರುತ್ತದೆ, ಯಾರೂ ಗಮನಿಸುವುದಿಲ್ಲ. ಮನೆ ಸಿಸ್ಟಮ್‌ಗಳು ಸಾಮಾನ್ಯವಾಗಿ 75ರಿಂದ 80ರ ನಡುವೆ ಇರುತ್ತವೆ.

ಮನೆಯಲ್ಲಿ ಬಿಸಿಲು ಅಳೆಯುವ ಯಂತ್ರ ಯಾರ ಹತ್ತಿರವೂ ಇರುವುದಿಲ್ಲ ನಿಜ. ಅದಕ್ಕೊಂದು ನಾಟಿ ಉಪಾಯ ಇದೆ. ನಿಮ್ಮದೇ ಬಡಾವಣೆಯಲ್ಲಿ ಸೋಲಾರ್ ಹಾಕಿಸಿದ ಇನ್ನೊಬ್ಬರ ಯೂನಿಟ್ ಕೇಳಿ, ಅವರ ಕಿಲೋವ್ಯಾಟ್‌ನಿಂದ ಭಾಗಿಸಿ. ನಿಮ್ಮದನ್ನೂ ಭಾಗಿಸಿ. ಒಂದೇ ಬಿಸಿಲು, ಒಂದೇ ಮೋಡ. ಎರಡರ ನಡುವೆ ಹತ್ತು ಪರ್ಸೆಂಟ್ ವ್ಯತ್ಯಾಸ ಬಂದರೆ ಯಾರದೋ ತಾರಸಿಯಲ್ಲಿ ಏನೋ ಇದೆ ಅಂತ ಅರ್ಥ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪ್ಯಾನೆಲ್ ಎಫಿಶಿಯೆನ್ಸಿ ಶೇಕಡ 21 ಅಂತ ಬರೆದಿರುವುದಕ್ಕೂ ಈ 75ಕ್ಕೂ ಸಂಬಂಧ ಇಲ್ಲ. 21 ಅಂದರೆ ಬಿದ್ದ ಬೆಳಕಿನಲ್ಲಿ ಐದನೇ ಒಂದು ಭಾಗ ಕರೆಂಟ್ ಆಗುತ್ತದೆ ಅಂತ. ಅದು ಸ್ಟಿಕ್ಕರ್‌ನ 540ರಲ್ಲಿ ಆಗಲೇ ಸೇರಿಹೋಗಿದೆ. ಎಫಿಶಿಯೆನ್ಸಿ ಜಾಸ್ತಿ ಇದ್ದರೆ ಜಾಗ ಕಡಿಮೆ ಸಾಕು, ಅಷ್ಟೇ. ತಾರಸಿ ದೊಡ್ಡದಿದ್ದವರು ಅದಕ್ಕೆ ಹೆಚ್ಚು ದುಡ್ಡು ಕೊಡುವುದು ನನಗೇನೋ ಸರಿ ಕಾಣುವುದಿಲ್ಲ.

ನೆರಳಿನ ಕಥೆ

ಇದು ನಮ್ಮ ಮನೆಯದೇ ಕಥೆ. ಸೋಲಾರ್ ಹಾಕುವವರು ಜಾಗ ನೋಡಲು ಬಂದದ್ದು ಏಪ್ರಿಲ್‌ನಲ್ಲಿ, ಮಧ್ಯಾಹ್ನದ ಹೊತ್ತು. ಹುಡುಗ ತಾರಸಿ ಹತ್ತಿ ಸುತ್ತ ನೋಡಿ, "ನೆರಳೇ ಇಲ್ಲ ಸಾರ್, ಸೂಪರ್ ಜಾಗ" ಅಂದ. ನಾನೂ ಹೌದಲ್ವಾ ಅಂದುಕೊಂಡೆ. ಏಪ್ರಿಲ್ ಕೊನೆಯ ಹೊತ್ತಿಗೆ ಸೂರ್ಯ ನಮ್ಮ ನೆತ್ತಿಯ ಮೇಲೇ ಬರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಶೂನ್ಯ ನೆರಳಿನ ದಿನ ಅಂತ ಮಕ್ಕಳಿಗೆ ಕೋಲು ನೆಟ್ಟು ತೋರಿಸುತ್ತಾರೆ. ಅಂಥ ದಿನಗಳಲ್ಲಿ ಬಂದು ನೆರಳು ಹುಡುಕಿದರೆ ಯಾರ ಮನೆಯಲ್ಲೂ ಸಿಗುವುದಿಲ್ಲ.

ಡಿಸೆಂಬರ್ ಬಂತು. ಸೂರ್ಯ ದಕ್ಷಿಣಕ್ಕೆ ಸರಿದ. ನಮ್ಮ ಮನೆಯ ಓವರ್‌ಹೆಡ್ ಟ್ಯಾಂಕ್ ಇರುವುದು ನೈಋತ್ಯದಲ್ಲಿ, ಹೆಡ್‌ರೂಮ್ ಮೇಲೆ. ವಾಸ್ತು ನೋಡಿ ಕಟ್ಟಿದ ಬಹಳಷ್ಟು ಮನೆಗಳಲ್ಲಿ ಅಲ್ಲೇ ಇರುತ್ತದೆ. ಡಿಸೆಂಬರ್ ಮಧ್ಯಾಹ್ನ ಮೂರು ಗಂಟೆಗೆ ಮೈಸೂರಿನಲ್ಲಿ ಸೂರ್ಯ ಇರುವುದೂ ಸರಿಯಾಗಿ ನೈಋತ್ಯದಲ್ಲೇ, ದಿಗಂತದಿಂದ ಸುಮಾರು 37 ಡಿಗ್ರಿ ಮೇಲೆ. ಹೆಡ್‌ರೂಮ್ ಮತ್ತು ಟ್ಯಾಂಕ್ ಸೇರಿ ಪ್ಯಾನೆಲ್‌ಗಿಂತ 4 ಮೀಟರ್ ಎತ್ತರ. ಅದರ ನೆರಳು ಈಶಾನ್ಯಕ್ಕೆ 5 ಮೀಟರ್ ಉದ್ದ ಚಾಚಿಕೊಂಡು ಎರಡು ಪ್ಯಾನೆಲ್ ಮೇಲೆ ಬಿತ್ತು. ಆ್ಯಪ್‌ನ ಗ್ರಾಫ್ ಬೆಳಿಗ್ಗೆ ಗುಡ್ಡದ ಹಾಗೆ ಚಂದ ಏರುತ್ತಿತ್ತು, ಮಧ್ಯಾಹ್ನ ಎರಡಾದ ಮೇಲೆ ಜೆಸಿಬಿಯಲ್ಲಿ ಕಡಿದ ಹಾಗೆ ಬೀಳುತ್ತಿತ್ತು.

ಇಷ್ಟು ದೊಡ್ಡ ಏಟು ಯಾಕೆ? ಮನೆಗೆ ಮೋಲ್ಡ್ ಹಾಕುವ ದಿನ ನೆನಪಿಸಿಕೊಳ್ಳಿ. ಸಾಲಾಗಿ ನಿಂತು ಬಾಂಡ್ಲಿ ಕೈಯಿಂದ ಕೈಗೆ ದಾಟಿಸುತ್ತಾರೆ. ಮಧ್ಯದಲ್ಲಿ ಒಬ್ಬ ನಿಧಾನ ಆದರೆ ಇಡೀ ಸಾಲು ನಿಧಾನ. ಅವನ ಹಿಂದಿನವರು ಎಷ್ಟೇ ಗಟ್ಟಿಗರಾದರೂ ಬಾಂಡ್ಲಿ ಹಿಡಿದುಕೊಂಡು ನಿಲ್ಲಬೇಕು. ಪ್ಯಾನೆಲ್ ಒಳಗಿನ ಸೆಲ್‌ಗಳು, ಆಮೇಲೆ ಆರು ಪ್ಯಾನೆಲ್‌ಗಳು, ಎಲ್ಲವನ್ನೂ ಹೀಗೇ ಸಾಲಾಗಿ ಜೋಡಿಸಿರುತ್ತಾರೆ. ಒಂದು ಸೆಲ್ ಮೇಲೆ ನೆರಳು ಬಿದ್ದರೆ ಅದು ಕಡಿಮೆ ಕರೆಂಟ್ ದಾಟಿಸುತ್ತದೆ, ಉಳಿದವೂ ಅದರ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಅದು ಆಗಬಾರದು ಅಂತ ಪ್ರತಿ ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಸುಸ್ತಾದವನನ್ನು "ನೀನು ಪಕ್ಕಕ್ಕೆ ನಿಂತ್ಕೊಳಪ್ಪ" ಅಂದು ಸಾಲು ಮುಂದುವರಿಸುವ ಮೇಸ್ತ್ರಿ ಇದ್ದ ಹಾಗೆ. ಸಾಲೇನೋ ನಡೆಯುತ್ತದೆ, ಆದರೆ ಒಬ್ಬನ ಜೊತೆ ಅವನ ಇಡೀ ಗುಂಪೇ ಪಕ್ಕಕ್ಕೆ ಹೋಗುತ್ತದೆ, ಪ್ಯಾನೆಲ್‌ನ ಮೂರನೇ ಒಂದು ಭಾಗ. ಅಂಗೈ ಅಗಲದ ನೆರಳಿಗೆ ಅಷ್ಟು ದಂಡ. ಈಗಿನ ಹಾಫ್ ಕಟ್ ಪ್ಯಾನೆಲ್‌ಗಳಲ್ಲಿ ಮೇಲಿನ ಅರ್ಧ, ಕೆಳಗಿನ ಅರ್ಧ ಬೇರೆ ಬೇರೆ ದುಡಿಯುವುದರಿಂದ ದಂಡ ಸ್ವಲ್ಪ ಕಡಿಮೆ.

ಕೊನೆಗೆ ನಾವು ಎರಡು ಪ್ಯಾನೆಲ್ ಕಳಚಿ ಪೂರ್ವದ ಕಡೆಗೆ ಸರಿಸಿದೆವು. ಸ್ಟ್ಯಾಂಡ್ ವೆಲ್ಡಿಂಗ್‌ಗೆ ಮತ್ತೆ ದುಡ್ಡು. ಹಾಕಿಸುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು: ಡಿಸೆಂಬರ್‌ನಲ್ಲಿ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರ ತನಕ ನೆರಳು ಎಲ್ಲಿ ಬೀಳುತ್ತದೆ? ಪಕ್ಕದ ಸೈಟ್ ಖಾಲಿ ಇದ್ದರೆ ಅಲ್ಲಿ ನಾಳೆ ಮೂರು ಅಂತಸ್ತು ಏಳಬಹುದು ಅನ್ನುವುದೂ ತಲೆಯಲ್ಲಿರಲಿ.

ದಿಕ್ಕಿನ ಬಗ್ಗೆ ಜನ ಇದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ಅಷ್ಟು ಬೇಕಿಲ್ಲ. ನಾವಿರುವುದು ಭೂಮಧ್ಯರೇಖೆಗೆ ಹತ್ತಿರ, 12-13 ಡಿಗ್ರಿ ಅಕ್ಷಾಂಶದಲ್ಲಿ. ದಕ್ಷಿಣಕ್ಕೆ 10ರಿಂದ 15 ಡಿಗ್ರಿ ಓರೆ ಇದ್ದರೆ ಉತ್ತಮ. ಪೂರ್ವಕ್ಕೋ ಪಶ್ಚಿಮಕ್ಕೋ ತಿರುಗಿಸಬೇಕಾಗಿ ಬಂದರೂ ಓರೆ ಕಡಿಮೆ ಇರುವ ತನಕ ನಷ್ಟ ಸಣ್ಣದು. ಆದರೆ ಪೂರ್ತಿ ಚಪ್ಪಟೆ ಮಲಗಿಸಬೇಡಿ. ಮಳೆನೀರು ಇಳಿದು ಹೋಗದೆ ಕೆಳಗಿನ ಅಂಚಿನಲ್ಲಿ ನಿಂತು ಒಣಗಿ, ಕೆಸರಿನ ಒಂದು ಗೆರೆ ಕಟ್ಟುತ್ತದೆ. ಎರಡು ಬೆರಳು ಅಗಲ ಇರಬಹುದು. ಆದರೆ ಅದು ಕೂರುವುದು ಕೆಳಗಿನ ಸಾಲಿನ ಎಲ್ಲ ಸೆಲ್‌ಗಳ ಮೇಲೂ. ಬಾಂಡ್ಲಿ ಸಾಲಿನ ಕಥೆ ಮತ್ತೆ ಶುರು.

ಕರೆಂಟ್ ಹೋದರೆ ಸೋಲಾರ್ ಕೂಡ ಹೋಗುತ್ತದೆ

ಗ್ರಿಡ್‌ಗೆ, ಅಂದರೆ ಬೀದಿಯ ಕರೆಂಟ್ ಲೈನಿಗೆ ಕಟ್ಟಿದ ಸಿಸ್ಟಮ್‌ನಲ್ಲಿ ಎಲ್ಲರಿಗೂ ಮೊದಲ ಸಲ ಆಶ್ಚರ್ಯ ಆಗುವುದು ಇಲ್ಲಿ. ಹೊರಗೆ ಸುಡು ಬಿಸಿಲು, ತಾರಸಿ ತುಂಬ ಪ್ಯಾನೆಲ್, ಮನೆಯಲ್ಲಿ ಫ್ಯಾನ್ ನಿಂತಿದೆ. ಕಾರಣ ಸರಳ. ಕರೆಂಟ್ ತೆಗೆದು ಲೈನ್‌ಮ್ಯಾನ್ ಕಂಬ ಹತ್ತಿರುತ್ತಾನೆ. ನಿಮ್ಮ ಪ್ಯಾನೆಲ್ ಆಗ ಲೈನಿಗೆ ಕರೆಂಟ್ ನೂಕಿದರೆ ಅವನ ಜೀವ ಹೋಗುತ್ತದೆ. ಅದಕ್ಕೆ ಗ್ರಿಡ್ ಇಲ್ಲ ಅಂತ ಗೊತ್ತಾದ ಕೂಡಲೇ ಇನ್ವರ್ಟರ್ ತಾನಾಗಿ ಬಂದ್ ಆಗಬೇಕು ಅನ್ನುವುದು ನಿಯಮ. ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಇದ್ದರೆ ಮಾತ್ರ ಮನೆಯನ್ನು ಲೈನಿನಿಂದ ಬೇರೆ ಮಾಡಿಕೊಂಡು ನಡೆಸಬಹುದು. ಹಗಲು ಹೊತ್ತು ಕರೆಂಟ್ ತೆಗೆಯುವ ಕಡೆ ಈ ನಷ್ಟ ಸಣ್ಣದಲ್ಲ. ಮಧ್ಯಾಹ್ನ ಎರಡು ಗಂಟೆ ಹೋದರೆ ಐದು ಯೂನಿಟ್ ಹೋದ ಹಾಗೆ. ಯಾವ ಕೊಟೇಶನ್‌ನಲ್ಲೂ ಇದನ್ನು ಬರೆದಿದ್ದು ನಾನಂತೂ ನೋಡಿಲ್ಲ.

ಕರೆಂಟ್ ಇದ್ದೂ ಸೋಲಾರ್ ನಿಲ್ಲುವುದು ಇನ್ನೊಂದು ಬಗೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದ ಪ್ರಕಾರ ವೋಲ್ಟೇಜ್ ನಿಗದಿಗಿಂತ ಶೇಕಡ 10ಕ್ಕಿಂತ ಜಾಸ್ತಿ ಏರಿದರೆ ಇನ್ವರ್ಟರ್ ಕಳಚಿಕೊಳ್ಳಬೇಕು. 230 ವೋಲ್ಟ್ ಲೈನಿನಲ್ಲಿ ಅದು 253. ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗೆ ಹತ್ತು ಮನೆ ಸೋಲಾರ್ ಹಾಕಿಸಿವೆ ಅನ್ನಿ. ಭಾನುವಾರ ಮಧ್ಯಾಹ್ನ ಎಲ್ಲರೂ ಹೊರಗೆ ಹೋಗಿದ್ದಾರೆ, ಬಳಸುವವರಿಲ್ಲ, ಹತ್ತೂ ಕಡೆಯಿಂದ ಕರೆಂಟ್ ಲೈನಿಗೆ ನುಗ್ಗುತ್ತಿದೆ. ವೋಲ್ಟೇಜ್ ಮೇಲೇರುತ್ತದೆ. ಇನ್ವರ್ಟರ್ ನಿಲ್ಲುತ್ತದೆ, ಸ್ವಲ್ಪ ಹೊತ್ತು ಕಾಯುತ್ತದೆ, ಶುರುವಾಗುತ್ತದೆ, ಮತ್ತೆ ನಿಲ್ಲುತ್ತದೆ. ಗ್ರಾಫ್ ಬಾಚಣಿಗೆ ಹಲ್ಲಿನ ಹಾಗೆ ಕಾಣುತ್ತದೆ. ಮೋಡದ ದಿನವೂ ಗ್ರಾಫ್ ಹರಕು ಮುರುಕಾಗಿಯೇ ಇರುತ್ತದೆ, ಆದರೆ ಅದು ಸೊನ್ನೆಗೆ ಇಳಿಯುವುದಿಲ್ಲ. ಸ್ವಚ್ಛ ಆಕಾಶದ ದಿನ ಗ್ರಾಫ್ ಸೊನ್ನೆ ಮುಟ್ಟಿ ಮುಟ್ಟಿ ಏಳುತ್ತಿದ್ದರೆ ಪ್ಯಾನೆಲ್ ತೊಳೆಯುವುದು ದಂಡ. ಇನ್ವರ್ಟರ್‌ನಿಂದ ಮೀಟರ್ ತನಕ ಹಾಕಿರುವ ಕೇಬಲ್ ತೆಳ್ಳಗಿದೆಯೇ ನೋಡಿಸಿ. ಅದು ಸರಿ ಇದ್ದರೆ ಟ್ರಾನ್ಸ್‌ಫಾರ್ಮರ್ ಕಡೆ ನೋಡಲು ಕೆಇಬಿಗೆ ಬರೆದುಕೊಡಬೇಕು. ಹೆಸರು ಬದಲಾಗಿ ಎಷ್ಟೋ ವರ್ಷ ಆಯಿತು, ಬಾಯಿಗೆ ಬರುವುದು ಇನ್ನೂ ಕೆಇಬಿಯೇ.

ಬಿಲ್ ನೋಡಿ ಮೋಸ ಹೋಗುವವರೂ ಇದ್ದಾರೆ. ಪಕ್ಕದ ಮನೆಯವರ ಮುಂದಿನ ಪ್ರಶ್ನೆ ಅದೇ ಆಗಿತ್ತು. "ಆ್ಯಪ್ 12 ಯೂನಿಟ್ ಅನ್ನುತ್ತೆ, ಮೀಟರ್‌ನಲ್ಲಿ ಎಕ್ಸ್‌ಪೋರ್ಟ್ 8 ಇದೆ. ನಾಲ್ಕು ಯಾರು ತಿಂದ್ರು?" ನೀವೇ ತಿಂದಿರಿ. ಹಗಲು ಫ್ರಿಜ್, ಮೋಟರ್, ಮಿಕ್ಸಿ, ವಾಷಿಂಗ್ ಮಷೀನ್ ಎಲ್ಲ ನಡೆದದ್ದು ಆ ನಾಲ್ಕರಿಂದ. ಅದು ಮೀಟರ್ ತನಕ ಹೋಗುವುದೇ ಇಲ್ಲ. ನೆಟ್ ಮೀಟರ್ ಕಾಣುವುದು ಗೇಟ್ ದಾಟಿ ಹೋದದ್ದನ್ನು, ಗೇಟ್ ಒಳಗೆ ಬಂದದ್ದನ್ನು ಮಾತ್ರ. ರಾತ್ರಿ 7 ಯೂನಿಟ್ ಒಳಗೆ ಬಂದರೆ ಬಿಲ್ ಲೆಕ್ಕಕ್ಕೆ 8ರಲ್ಲಿ 7 ಹೋಗಿ ಒಂದು ಯೂನಿಟ್ ನಿಮ್ಮ ಕಡೆಗೆ. ಪ್ಯಾನೆಲ್ ಎಷ್ಟು ದುಡಿಯಿತು ಅಂತ ನೋಡಬೇಕಾದರೆ ಇನ್ವರ್ಟರ್ ನಂಬರ್ ನೋಡಿ, ಬಿಲ್ ಅಲ್ಲ.

ಎಲ್ಲ ಮನೆಯಲ್ಲೂ ಈಗ 3 ಕಿಲೋವ್ಯಾಟೇ ಯಾಕೆ ಕಾಣುತ್ತದೆ ಅಂದರೆ, 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಬ್ಸಿಡಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಮುಟ್ಟಿ ಅಲ್ಲೇ ನಿಲ್ಲುತ್ತದೆ. ಇತ್ತ 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್ ಒಳಗಿನ ಮನೆಗಳಿಗೆ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಕರೆಂಟ್ ಪುಕ್ಕಟೆ. ಸೊನ್ನೆ ಬಿಲ್ ಬರುವ ಮನೆಯವರು ಲಕ್ಷ ರೂಪಾಯಿ ಹಾಕಿ ತಾರಸಿ ತುಂಬಿಸಿಕೊಳ್ಳುವ ಮೊದಲು ಎರಡು ಸಲ ಯೋಚಿಸುವುದು ಸಹಜ. ಆ ಲೆಕ್ಕ ಮನೆ ಮನೆಗೂ ಬೇರೆ.

ಪ್ಯಾನೆಲ್ ಹಳೆಯದಾಗುವುದು ನಿಧಾನ. ವರ್ಷಕ್ಕೆ ಶೇಕಡ ಅರ್ಧದಷ್ಟು ಇಳಿಯುತ್ತದೆ. ಇದಕ್ಕಿಂತ ಎಷ್ಟೋ ಪಾಲು ಜಾಸ್ತಿ ನಷ್ಟ ಎರಡು ತಿಂಗಳು ತೊಳೆಯದೆ ಬಿಟ್ಟರೆ ಆಗುತ್ತದೆ, ಅದರಲ್ಲೂ ಜನವರಿಯಿಂದ ಮೇ ತನಕ, ರಸ್ತೆ ಪಕ್ಕದ ಮನೆಗಳಲ್ಲಿ. ತೊಳೆಯುವುದಾದರೆ ಬೆಳಿಗ್ಗೆ ಏಳಕ್ಕೆ ಮುಂಚೆ. ಕಾದ ಗಾಜಿಗೆ ತಣ್ಣೀರು ಎರಚಬಾರದು. ಬೋರ್‌ವೆಲ್ ನೀರು ಬಿಟ್ಟು ಹಾಗೇ ಒಣಗಿಸಿದರೆ ಸ್ಟೀಲ್ ಲೋಟದ ಮೇಲೆ ಬೀಳುವಂಥದ್ದೇ ಬಿಳಿ ಕಲೆ ಗಾಜಿನ ಮೇಲೂ ಕೂರುತ್ತದೆ. ಆಮೇಲೆ ಉಜ್ಜಿದರೂ ಹೋಗುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು, ಇಲ್ಲದಿದ್ದರೆ ನೀರು ಬಿಟ್ಟ ಕೂಡಲೇ ವೈಪರ್‌ನಿಂದ ಎಳೆದುಬಿಡಿ.

ನಾನು ಪ್ರತಿ ವರ್ಷ ಫೆಬ್ರವರಿಯಲ್ಲಿ ಮೋಡವೇ ಇಲ್ಲದ ಒಂದು ದಿನ ನೋಡಿ ಆ ದಿನದ ಯೂನಿಟ್ ಅಡುಗೆಮನೆ ಕ್ಯಾಲೆಂಡರ್ ಮೇಲೆ ಬರೆದಿಡುತ್ತೇನೆ. ನಮ್ಮದೂ 3.24 ಕಿಲೋವ್ಯಾಟೇ. ಮೊದಲ ವರ್ಷ 16.1 ಇತ್ತು. ಈ ಸಲ 14.9 ಬಂತು. ಮೂರು ವರ್ಷಕ್ಕೆ ಇಷ್ಟೊಂದು ಇಳಿಯಬಾರದಲ್ಲ ಅಂತ ಮೇಲೆ ಹತ್ತಿ ನೋಡಿದರೆ, ಬೀದಿಯಲ್ಲಿ ಮನೆ ಕಟ್ಟುತ್ತಿರುವವರ ಸಿಮೆಂಟ್ ಧೂಳು ಇಡೀ ಸಾಲಿನ ಮೇಲೆ ಬೂದಿ ಎರಚಿದ ಹಾಗೆ ಕೂತಿತ್ತು. ತೊಳೆದ ಮಾರನೆಯ ದಿನ 15.8.